ಎರಡು ತಾಸಿನ ಲೆಕ್ಕ: ಬಿಡುಗಡೆ ದಿನಾನೇ ಗೇಮ್ ತಗೊಳ್ಳೋರು ಇದನ್ನೊಮ್ಮೆ ಓದ್ರಿ

ಕಲಬುರಗಿ ಆಳಂದ ರಸ್ತೆ ಕಡೆ ಒಂದು ಮನ್ಯಾಗ, ಬ್ಯಾಸಗಿ ರಜಾದಾಗ ನಡೆದದ್ದು ಇದು. ಗೇಮಿನ ಹೆಸರು ಬ್ಯಾಡ. ಇದೇ ಕಥಿ ವರ್ಷಾ ಬ್ಯಾರೆ ಬ್ಯಾರೆ ಹೆಸರಿನ ಮ್ಯಾಲ ನಡೀತದ. ಡಿಗ್ರಿ ಓದೋ ಹುಡುಗ, ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಾಗ ₹4,499 ಕೊಟ್ಟು ಡೀಲಕ್ಸ್ ಎಡಿಷನ್ ಪ್ರೀ-ಆರ್ಡರ್ ಮಾಡಿದ್ದ, ಅಂದ್ರ ಬಿಡುಗಡೆಗಿಂತ ಮೊದಲ ರೊಕ್ಕ ಕಟ್ಟಿದ್ದ. ಡೀಲಕ್ಸ್ ಯಾಕಂದ್ರ ಉಳಿದವರಿಗಿಂತ ಮೂರು ದಿನ ಮೊದಲ ಆಡಬಹುದಿತ್ತು. ಲ್ಯಾಪ್‌ಟಾಪ್‌ನಾಗ 6 ಜಿಬಿ ವಿಡಿಯೋ ಮೆಮೊರಿ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಗೇಮ್ ಸರಿ ನಡೀಲಿಲ್ಲ. ಐದನೇ ದಿನ ರೀಫಂಡ್ ಕೇಳಿದ, ಆಡಿದ ಸಮಯ 2 ತಾಸು ದಾಟ್ಯದ ಅಂತ ಅರ್ಜಿ ವಾಪಸ್ ಬಂತು. ಖರೆ ಅಂದ್ರ ಅವ ಆಡಿದ್ದು ಇಪ್ಪತ್ತೈದೇ ನಿಮಿಷ. ಉಳಿದ ಸಮಯ ಎಲ್ಲಿ ಹೋಯ್ತು ಅನ್ನೋದನ್ನ ಬಿಡಿಸಿ ನೋಡಿದ್ರ ಪ್ರೀ-ಆರ್ಡರಿನ ಬಣ್ಣ ಬಯಲಾಗ್ತದ.

ಸ್ಟೀಮಿನ ನಿಯಮ ಸರಳ ಅದ. ಖರೀದಿ ಮಾಡಿ 14 ದಿನದೊಳಗ, ಆಡಿದ್ದು 2 ತಾಸಿಗಿಂತ ಕಡಿಮಿ ಇದ್ರ, ಕಾರಣ ಏನೇ ಇರಲಿ ರೊಕ್ಕ ವಾಪಸ್. ಪ್ರೀ-ಆರ್ಡರ್ ಆದ್ರ ಬಿಡುಗಡೆ ತನಕ ಯಾವಾಗ ಬೇಕಾದ್ರೂ ರದ್ದು ಮಾಡಬಹುದು, 14 ದಿನದ ಎಣಿಕಿ ಬಿಡುಗಡೆಯಿಂದ ಶುರು. ಆದ್ರ ಆ 2 ತಾಸಿನ ಗಡಿಯಾರ ನೀವು ಆಡ್ತೀರೋ, ಸುಮ್ನ ಕುಂತೀರೋ ಅಂತ ನೋಡಂಗಿಲ್ಲ. ಪ್ಲೇ ಒತ್ತಿ ಗೇಮ್ ಶುರುವಾದ ಕ್ಷಣದಿಂದ ಓಡ್ತದ. ಲೋಡಿಂಗ್, ಮೆನು, ಗೇಮ್ ಕಂಪನಿಯ ಖಾತೆ ತೆರೆದು ಒಟಿಪಿಗೆ ಕಾಯೋದು, ಎಲ್ಲಾ ಲೆಕ್ಕಕ್ಕ ಬರ್ತದ. ಹಿಂದ ಡೀಲಕ್ಸ್‌ನವರ ಆ ಮೂರು ದಿನದ ಆಟ ಲೆಕ್ಕಕ್ಕ ಬರ್ತಿರಲಿಲ್ಲ; 2024ರ ಏಪ್ರಿಲ್‌ನಿಂದ ಅದನ್ನೂ ಸೇರಸ್ಯಾರ. ಹೆಚ್ಚಿಗಿ ರೊಕ್ಕ ಕೊಟ್ಟವರಿಗೆ ಉಳಿದದ್ದು ಎಲ್ಲಾರಿಗಿಂತ ಮೊದಲ ತೊಂದರೆ ಪಡೋ ಹಕ್ಕು ಅಷ್ಟೆ.

ಈಗ ಹುಡುಗನ ಗಡಿಯಾರ. ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್, ಅಂದ್ರ ಆಟದ ಚಿತ್ರ ಮೂಡಿಸೋ ಪ್ರೋಗ್ರಾಂಗಳ ತಯಾರಿ, 50 ನಿಮಿಷ. ಆಟ ಶುರುವಾಗೋ ಹೊತ್ತಿಗೆ ಕ್ರ್ಯಾಶ್. ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡಸೋ ಸಾಫ್ಟ್‌ವೇರ್) ಹೊಸದು ಹಾಕು ಅಂತ ಯಾರೋ ಹೇಳಿದ್ರು, ಹಾಕಿದ. ಮತ್ತ ಮೊದಲಿನಿಂದ ಕಂಪೈಲ್, 35 ನಿಮಿಷ. ಕಂಪನಿ ಖಾತೆ ಜೋಡಿಸ್ಲಿಕ್ಕೆ 10, ಸೆಟ್ಟಿಂಗ್ ಏರಿಸಿ ಇಳಿಸ್ಲಿಕ್ಕೆ 20. ಆಟ 25. ಒಟ್ಟು 2 ತಾಸು 20 ನಿಮಿಷ.

ಶೇಡರ್ ಅಂದ್ರ ಬೆಳಕು, ನೆರಳು, ನೀರು ಹ್ಯಾಂಗ ಕಾಣಬೇಕು ಅಂತ ಗ್ರಾಫಿಕ್ಸ್ ಚಿಪ್‌ಗೆ ಹೇಳೋ ಸಣ್ಣ ಸಣ್ಣ ಪ್ರೋಗ್ರಾಂ. ಸೋನಿಯ ಗೇಮ್ ಕನ್ಸೋಲ್ (ಟಿವಿಗೆ ಹಚ್ಚಿ ಆಡೋ ಮಷೀನ್) ಪ್ಲೇಸ್ಟೇಷನ್ 5ರ ಚಿಪ್ ಎಲ್ಲಾರ ಮನ್ಯಾಗೂ ಒಂದೇ ನಮೂನಿ, ಅದಕ್ಕ ಕಂಪನಿಯವರೇ ತಯಾರು ಮಾಡಿ ಕಳಸ್ತಾರ. ಪಿಸಿಯಾಗ ಕಾರ್ಡ್ ಬ್ಯಾರೆ, ಡ್ರೈವರ್ ಬ್ಯಾರೆ, ಹಿಂಗಾಗಿ ಆ ಕೆಲಸ ನಿಮ್ಮ ಮಷೀನ್ ಮ್ಯಾಲೇ ಆಗಬೇಕು. ಇದು ಪೂರ್ತಿ ಪ್ರೊಸೆಸರ್ ಕೆಲಸ. ಕಲಬುರಗಿ ಮೇ ತಿಂಗಳದಾಗ ಹೊರಗ 42 ಡಿಗ್ರಿ ಇರ್ತದ, ಫ್ಯಾನ್ ಕೆಳಗ ಇಟ್ಟ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಸ್ತದ. ಕರೆಂಟ್ ಹೋಗಿ ಬ್ಯಾಟರಿ ಮ್ಯಾಲ ಬಂದ್ರ ಇನ್ನೂ ನಿಧಾನ. ತಂಪು ರೂಮಿನ ಡೆಸ್ಕ್‌ಟಾಪ್‌ನಾಗ ಹದಿನೈದು ನಿಮಿಷಕ್ಕ ಮುಗಿಯೋದು ಇಲ್ಲಿ ಮುಕ್ಕಾಲು ತಾಸು ತಿಂತದ. ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ 2023ರ ಮಾರ್ಚ್ 28ಕ್ಕ ಬಂದಾಗ ಶೇಡರ್‌ಗೇ ತಾಸುಗಟ್ಟಲೆ ಹಿಡೀತು ಅಂತ ಜಗತ್ತಿನ ಎಲ್ಲಾ ಕಡೆಯಿಂದ ದೂರು ಬಂದವು. ಡ್ರೈವರ್ ಬದಲಾದ್ರ ಮೊದಲು ತಯಾರಾದ ಶೇಡರ್ ಉಪಯೋಗಕ್ಕ ಬರಂಗಿಲ್ಲ. ಅದಕ್ಕ ಹೊಸ ಡ್ರೈವರ್ ಹಾಕೋದು ಗೇಮ್ ತೆರೆಯೋಕ್ಕಿಂತ ಮೊದಲ, ಆಮ್ಯಾಲಲ್ಲ.

ಇನ್ನ 6 ಜಿಬಿ ವಿಷಯ. ಟೆಕ್ಸ್ಚರ್ (ಆಟದಾಗಿನ ಗ್ವಾಡಿ, ನೆಲದ ಮೇಲ್ಮೈ ಚಿತ್ರ) ಪೂರಾ ಕೂಡೋದು ವಿಡಿಯೋ ಮೆಮೊರಿಯಾಗ. ಅಲ್ಲಿ ಜಾಗ ಮುಗಿದ್ರ ಉಳಿದದ್ದು ರ‍್ಯಾಮ್‌ಗೆ ಹೋಗಿ ಕೂಡ್ತದ, ಅಲ್ಲಿಂದ ಹೊಳ್ಳಿ ತರ್ಲಿಕ್ಕೆ ಹೊತ್ತು ಹಿಡೀತದ. ನೀವು ತಿರುಗಿ ನೋಡಿದಾಗೊಮ್ಮೆ ಆಟ ತಡವರಿಸೋದು ಅದಕ್ಕ. ಇಂಥಲ್ಲಿ ರೆಸೊಲ್ಯೂಷನ್ ಒಂದೇ ಇಳಿಸಿದ್ರ ಸಾಲಂಗಿಲ್ಲ, ಟೆಕ್ಸ್ಚರ್ ಗುಣಮಟ್ಟ ಮೀಡಿಯಂಗೆ ತರ್ರಿ. ಖರೀದಿ ಪುಟದಾಗ ‘ಕನಿಷ್ಠ’ ಅಂತ ಬರೆದದ್ದನ್ನ ನಂಬಿ ರೊಕ್ಕ ಹಾಕಬ್ಯಾಡ್ರಿ. ಕನಿಷ್ಠ ಅಂದ್ರ ಬಹಳ ಸಲ ಲೋ ಸೆಟ್ಟಿಂಗ್, ಸೆಕೆಂಡಿಗೆ 30 ಫ್ರೇಮ್, ಅದೂ ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರ ಹಿಗ್ಗಿಸಿ ತೋರಿಸೋದು) ಹಚ್ಚಿ. ನಿಮ್ಮ ಮಷೀನ್ ‘ಶಿಫಾರಸು’ ಸಾಲಿಗೆ ಮುಟ್ಟಿಲ್ಲ ಅಂದ್ರ ಮೊದಲ ತಿಂಗಳು ಕೈ ಹಚ್ಚಬ್ಯಾಡ್ರಿ.

ದೊಡ್ಡ ಕಂಪನಿ ಆದ್ರ ಹಿಂಗಾಗಂಗಿಲ್ಲ ಅನ್ನೋರಿಗೆ ಎರಡು ಉದಾಹರಣೆ ಸಾಕು. ಬ್ಯಾಟ್‌ಮನ್: ಆರ್ಕಮ್ ನೈಟ್ 2015ರ ಜೂನ್ 23ಕ್ಕ ಬಂತು, ಪಿಸಿ ಆವೃತ್ತಿ ಎಷ್ಟು ಕೆಟ್ಟಿತ್ತಂದ್ರ ಒಂದೆರಡು ದಿನದೊಳಗ ಮಾರಾಟಾನೇ ನಿಲ್ಲಿಸಿದ್ರು, ಹೊಳ್ಳಿ ಇಟ್ಟದ್ದು ಅಕ್ಟೋಬರ್ ಕೊನಿಗಿ. ಸ್ಟೀಮ್ ರೀಫಂಡ್ ನಿಯಮ ಬಂದದ್ದೂ ಅದೇ ಜೂನ್ ತಿಂಗಳದಾಗ, ಭಾಳ ಮಂದಿಗೆ ಅದು ಅವತ್ತು ಕೈ ಹಿಡೀತು. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕ. 18ಕ್ಕ ಸೋನಿ ತನ್ನ ಸ್ಟೋರ್‌ನಿಂದಲೇ ತೆಗೀತು, ಮರುವರ್ಷ ಜೂನ್ 21ರ ತನಕ ಇಡಲಿಲ್ಲ. ಇಲ್ಲಿ ಗಮನಿಸೋದು ಒಂದದ: ಬಿಡುಗಡೆಗಿಂತ ಮೊದಲ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಆವೃತ್ತಿ, ಕೆಟ್ಟಿದ್ದು ಹಳೆ ಕನ್ಸೋಲ್ ಆವೃತ್ತಿ. ವಿಮರ್ಶೆ ಓದುವಾಗ ಅಂಕಕ್ಕಿಂತ ಮೊದಲ ಯಾವ ಮಷೀನ್ ಮ್ಯಾಲ ಆಡ್ಯಾರ ಅಂತ ಹುಡುಕ್ರಿ. ಅದೇ ಗೇಮ್ 2023ರ ಸೆಪ್ಟೆಂಬರ್‌ದಾಗ 2.0 ಪ್ಯಾಚ್ (ರಿಪೇರಿ ಅಪ್‌ಡೇಟ್) ಬಂದ ಮ್ಯಾಲ ಬ್ಯಾರೇನೇ ಆಯ್ತು, ಈಗ ಸೇಲ್‌ನಾಗ ಅರ್ಧಕ್ಕಿಂತ ಕಡಿಮಿಗೂ ಸಿಗ್ತದ. ನಮ್ಮ ಎಪಿಎಂಸಿಗೆ ತೊಗರಿ ಒಯ್ದ್ರ ಮೊದಲ ತೇವ ನೋಡ್ತಾರ, ಹಸಿ ಇದ್ರ ದರ ಕಡೀತಾರ. ಗೇಮ್ ಬಜಾರ ಉಲ್ಟಾ: ಹಸಿ ಇದ್ದಾಗ ಪೂರ್ತಿ ದರ, ಒಣಗಿದ ಮ್ಯಾಲ ಅರ್ಧ.

ಪ್ರೀ-ಆರ್ಡರ್‌ಗೆ ಹಳೆ ಕಾಲದಾಗ ಅರ್ಥ ಇತ್ತು, ಅಂಗಡ್ಯಾಗ ಡಿಸ್ಕ್ ಖಾಲಿ ಆಗ್ತಿತ್ತು. ಡೌನ್‌ಲೋಡ್ ಕಾಪಿ ಯಾವತ್ತೂ ಖಾಲಿ ಆಗಂಗಿಲ್ಲ. ಕಂಪನಿಯವರು ಗೇಮ್‌ನೊಳಗ ಕೊಡೋ ಬೋನಸ್ ಬಟ್ಟಿ, ಬಂದೂಕಿನ ಬಣ್ಣಕ್ಕ ನಿಮ್ಮ ರೊಕ್ಕ ತಿಂಗಳುಗಟ್ಟಲೆ ಅವರ ಹತ್ರ ಕೂಡ್ತದ.

ಇಂಟರ್ನೆಟ್ ಲೆಕ್ಕಾನೂ ಮೊದಲ ಹಾಕ್ರಿ. 150 ಜಿಬಿ ಗೇಮ್, 40 ಎಂಬಿಪಿಎಸ್ ಲೈನ್: ಸೆಕೆಂಡಿಗೆ 5 ಎಂಬಿ, ಅಂದ್ರ ಎಂಟು ತಾಸಿನ ಮ್ಯಾಲ. 100 ಎಂಬಿಪಿಎಸ್ ಆದ್ರ ಮೂರೂವರೆ ತಾಸು ಹತ್ರ. ಮೊಬೈಲಿನ ದಿನಕ್ಕ 2 ಜಿಬಿ ಪ್ಯಾಕ್‌ನಾಗ 75 ದಿನ, ಅಷ್ಟೊತ್ತಿಗೆ ಎರಡು ಪ್ಯಾಚ್ ಬಂದಿರ್ತಾವ, ಅದೂ ಒಂದು ನಮೂನಿ ಕಾಯೋದೇ. ಪ್ರೀ-ಲೋಡ್ ಮಾಡಿದ್ರ, ಅಂದ್ರ ಬಿಡುಗಡೆಗಿಂತ ಮೊದಲ ಇಳಿಸಿಟ್ರ, ಫೈಲ್ ಬೀಗ ಹಾಕಿದ ಸ್ಥಿತಿಯಾಗ ಇಳೀತದ, ಬಿಡುಗಡೆ ಹೊತ್ತಿಗೆ ಬಿಚ್ಚಿಕೊಳ್ಲಿಕ್ಕೆ ಮತ್ತಷ್ಟು ಖಾಲಿ ಜಾಗ ಬೇಕು. 512 ಜಿಬಿ ಎಸ್‌ಎಸ್‌ಡಿಯಾಗ ವಿಂಡೋಸ್ ತೋರಿಸೋದೇ 476, ಅದರಾಗ ಅರ್ಧ ತುಂಬಿರ್ತದ. ಜಾಗ ಸಾಲದೆ ಅರ್ಧಕ್ಕ ನಿಂತ್ರ ಇಡೀ ರಾತ್ರಿ ಇಳಿಸಿದ್ದು ಹೊಳೆಯಾಗ ಹುಣಸೆಹಣ್ಣು ತೊಳೆದಂಗ.

ಪ್ಲೇಸ್ಟೇಷನ್ ಇದ್ದವರಿಗೆ ಗಡಿಯಾರ ಇಲ್ಲ, ಅದಕ್ಕಿಂತ ಬಿಗಿ ಹಗ್ಗ ಅದ. ಸ್ಟೋರ್‌ನಾಗ 14 ದಿನದ ರೀಫಂಡ್ ಇದ್ದದ್ದು ಖರೆ, ಆದ್ರ ಡೌನ್‌ಲೋಡ್ ಶುರು ಆತಂದ್ರ, ಗೇಮ್ ದೋಷದ್ದು ಅಂತ ತೋರಿಸದ ಹೊರತು ಸಿಗಂಗಿಲ್ಲ. ಪ್ರೀ-ಆರ್ಡರ್ ಗೇಮ್ ನಿಮಗ ಗೊತ್ತಿಲ್ಲದಂಗ ತಾನೇ ಇಳೀಲಿಕ್ಕೆ ಹತ್ತಿದ್ರ ಮುಗೀತು. ತಾನೇ ಇಳಿಯೋ ಆಯ್ಕೆ ಬಂದ್ ಮಾಡಿ ಇಡ್ರಿ. ಡಿಸ್ಕ್ ಡ್ರೈವ್ ಇದ್ದವರು ಡಿಸ್ಕ್ ತಗೊಳ್ರಿ, ಮುಗಿಸಿ ಮಾರಬಹುದು. ಆದ್ರ ಡಬ್ಬಿ ಮ್ಯಾಲಿನ ಸಣ್ಣ ಅಕ್ಷರ ಓದ್ರಿ. ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2, 2022ರ ಪ್ಲೇಸ್ಟೇಷನ್ 5 ಡಿಸ್ಕ್‌ನಾಗ ನೂರು ಎಂಬಿನೂ ಇರಲಿಲ್ಲ, ಉಳಿದದ್ದೆಲ್ಲಾ ಇಂಟರ್ನೆಟ್‌ನಿಂದ.

ಹಂಗಂತ ಎಲ್ಲಾದಕ್ಕೂ ಕಾಯಬೇಕಂತಿಲ್ಲ. ಸಣ್ಣ ತಂಡದ ಎರಡು ಆಯಾಮದ ಗೇಮ್, 5–10 ಜಿಬಿದು, ಹಳೆ ಲ್ಯಾಪ್‌ಟಾಪ್‌ನಾಗೂ ಓಡೋದು, ಮೊದಲ ದಿನಾನೇ ತಗೊಂಡ್ರೂ ಅಡ್ಡಿಯಿಲ್ಲ. ನಿಂಟೆಂಡೊದ ಸ್ವಂತ ಗೇಮ್‌ಗಳ ದರ ಇಳಿಯೋದೇ ಅಪರೂಪ, ಅಲ್ಲಿ ಕಾಯೋದ್ರಾಗ ಲಾಭ ಕಡಿಮಿ. ಆನ್‌ಲೈನ್ ಗೇಮಿನದು ಎರಡು ಬಾಯಿ ಕತ್ತಿ: ಮಂದಿ ಇರೋದು ಶುರುವಿನಾಗ, ಆದ್ರ ಕಾಂಕಾರ್ಡ್ ಅನ್ನೋದು 2024ರ ಆಗಸ್ಟ್ 23ಕ್ಕ ಬಂದು ಸೆಪ್ಟೆಂಬರ್ 6ಕ್ಕ ಸರ್ವರ್ ಮುಚ್ಚಿತು. ರೊಕ್ಕ ವಾಪಸ್ ಕೊಟ್ಟರು ಅನ್ನೋದೊಂದು ಸಮಾಧಾನ. ದೋಸ್ತರು ನಾಕು ಮಂದಿ ಕೂಡಿ ಆಡೋದಿದ್ರ ಒಬ್ಬ ತಗೊಂಡು ವಾರ ನೋಡಲಿ, ಉಳಿದವರು ಆಮ್ಯಾಲ.

ಉಳಿದ ದೊಡ್ಡ ಗೇಮ್‌ಗೆ ನಮ್ಮ ಅಳತಿ ಹಿಂಗದ. ವಿಶ್‌ಲಿಸ್ಟ್‌ಗೆ ಹಾಕಿ ಮೂರನೇ ಪ್ಯಾಚ್ ತನಕ ಬಿಡ್ರಿ. ಸ್ಟೀಮ್ ಪುಟದಾಗ ಒಟ್ಟು ವಿಮರ್ಶೆ ಬಿಟ್ಟು ‘ಇತ್ತೀಚಿನ’ ಸಾಲು ನೋಡ್ರಿ. ಒಟ್ಟು ಕೆಟ್ಟಿದ್ದು ಇತ್ತೀಚಿನದು ಚಲೋ ಇದ್ರ ರಿಪೇರಿ ಆಗ್ಲತ್ತದ ಅಂತ ಅರ್ಥ. ನಿಮ್ಮದೇ ಕಾರ್ಡಿನ ಹೆಸರು ಹಾಕಿ ಯೂಟ್ಯೂಬ್‌ನಾಗ ಪ್ಯಾಚ್ ನಂತರದ ವಿಡಿಯೋ ಹುಡುಕ್ರಿ, ಬಿಡುಗಡೆ ದಿನದ್ದಲ್ಲ. ಸ್ಟೀಮ್‌ಡಿಬಿ ಅನ್ನೋ ವೆಬ್‌ಸೈಟಿನಾಗ ಹಳೆ ದರದ ನಕ್ಷೆ ಸಿಗ್ತದ. ಜೂನ್ ಕೊನಿ, ಡಿಸೆಂಬರ್ ಕೊನಿ ದೊಡ್ಡ ಸೇಲ್ ಇರ್ತಾವ. ಟೆಲಿಗ್ರಾಂನಾಗ ಐದಾರು ನೂರಕ್ಕ ಮಾರೋ ಹಂಚಿಕೆ ಖಾತೆ ಕಡೆ ಹೋಗಲೇಬ್ಯಾಡ್ರಿ, ಖಾತೆ ಅವರ ಹೆಸರಿನಾಗಿರ್ತದ, ಪಾಸ್‌ವರ್ಡ್ ಬದಲಿಸಿದ್ರ ನಿಮ್ಮ ಹತ್ರ ಏನೂ ಇರಂಗಿಲ್ಲ.

ಈಗಾಗಲೇ ತಗೊಂಡು ಕುಂತವರು: ಡ್ರೈವರ್ ಹಾಕಿ, ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಚ್ಚಿ, ಕಂಪನಿ ಖಾತೆ ಬ್ರೌಸರ್‌ನಾಗೇ ಮೊದಲ ತೆರೆದು, ನಸುಕಿನಾಗ ತಂಪು ಹೊತ್ತಿಗೆ ಗೇಮ್ ತೆರೀರಿ. ಮೊಬೈಲಿನಾಗ 90 ನಿಮಿಷಕ್ಕ ಅಲಾರಂ ಇಡ್ರಿ. ಅದು ಹೊಡೆದಾಗ ಇನ್ನೂ ತಡವರಿಸ್ಲತ್ತಿದ್ರ ಗೇಮ್ ಪೂರ್ತಿ ಮುಚ್ಚಿ ಸ್ಟೀಮ್ ಸಹಾಯ ಪುಟಕ್ಕ ಹೋಗಿ, ಖರೀದಿ ಪಟ್ಟಿಯಾಗ ಗೇಮ್ ಆರಿಸಿ, ತಾಂತ್ರಿಕ ತೊಂದರೆ ಅಂತ ಹಾಕಿ ರೀಫಂಡ್ ಕೇಳ್ರಿ. ರೊಕ್ಕ ಎಲ್ಲಿಗೆ ಬರಬೇಕು ಅಂತ ಕೇಳಿದಾಗ ಮೊದಲು ಕೊಟ್ಟ ದಾರಿಯನ್ನೇ ಆರಿಸ್ರಿ. ಸ್ಟೀಮ್ ವಾಲೆಟ್‌ಗೆ ಹೋದದ್ದು ಬ್ಯಾಂಕಿಗೆ ಹೊಳ್ಳಿ ಬರಂಗಿಲ್ಲ. 2 ತಾಸು ದಾಟಿದ್ರೂ ಒಮ್ಮೆ ಕೇಳ್ರಿ, ಅಂಥಾ ಅರ್ಜಿನೂ ನೋಡ್ತೀವಿ ಅಂತ ಅವರ ನಿಯಮದಾಗೇ ಅದ. ಕ್ರ್ಯಾಶ್ ಆದ ಹೊತ್ತು, ಕಂಪೈಲ್‌ಗೆ ಹೋದ ನಿಮಿಷ ಲೆಕ್ಕ ಹಾಕಿ ಬರೀರಿ. ಆ ಹುಡುಗ ಎರಡನೇ ಅರ್ಜಿಯಾಗ ಹಂಗೇ ಬರದಾನ, ಉತ್ತರ ಇನ್ನೂ ಬಂದಿಲ್ಲ.