ಜೀಬ್ರಾಮೀನಿನಲ್ಲಿ ಜೀನ್ ಅಡಗಿಸಲು ಯಾವುದು ಮೇಲು: ಮಾರ್ಫೊಲಿನೊ ಅಥವಾ ಕ್ರಿಸ್ಪರ್?

ಮಾರ್ಫೊಲಿನೊ ಎಂದರೆ ಡಿಎನ್‌ಎಯನ್ನು ಹೋಲುವ, ಸಾಮಾನ್ಯವಾಗಿ 25 ಅಕ್ಷರಗಳ ಕೃತಕ ತುಣುಕು. ಅದು ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ಆಗದಂತೆ ತಡೆಯುತ್ತದೆ. ಕ್ರಿಸ್ಪರ್ ಡಿಎನ್‌ಎಯನ್ನೇ ಕತ್ತರಿಸುತ್ತದೆ. ಒಂದೇ ಜೋಡಿ ಮೀನಿನ ಮೊಟ್ಟೆಗಳನ್ನು ಎರಡು ಪಾಲು ಮಾಡಿ ಎರಡನ್ನೂ ಚುಚ್ಚಿ ನೋಡಿದರೆ, ಎರಡೂ ಎಡವುವ ಜಾಗಗಳೇ ಬೇರೆ ಎಂದು ಬೇಗ ತಿಳಿಯುತ್ತದೆ.

ಕೈಗೆ ಸುಲಭ ಮಾರ್ಫೊಲಿನೊ. ನಾಲ್ಕು ಕೋಶಗಳ ಹಂತದವರೆಗೂ ಹಳದಿ ಭಾಗಕ್ಕೆ ಚುಚ್ಚಬಹುದು, ಅಲ್ಲಿಂದ ಅದು ತಾನಾಗಿ ಕೋಶಗಳಿಗೆ ಹರಿಯುತ್ತದೆ. ಕ್ರಿಸ್ಪರ್‌ಗೆ ಅಷ್ಟು ಪುರುಸೊತ್ತಿಲ್ಲ. 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫಲಿತಗೊಂಡ ಸುಮಾರು 45 ನಿಮಿಷಕ್ಕೆ ಮೊದಲ ಕೋಶ ಎರಡಾಗುತ್ತದೆ. ಅದಕ್ಕೆ ಮುಂಚೆ, ಕೋಶದೊಳಕ್ಕೇ ಸೂಜಿ ಇಳಿಯಬೇಕು. ತಡವಾದರೆ ಒಂದೇ ಭ್ರೂಣದಲ್ಲಿ ಕತ್ತರಿಸಿದ ಕೋಶ, ಕತ್ತರಿಸದ ಕೋಶ ಬೆರೆತು ನಿಲ್ಲುತ್ತವೆ.

ಮಾರ್ಫೊಲಿನೊ ಕೆಡುವುದು ಪ್ರಮಾಣದಲ್ಲಿ. ಖನಿಜ ತೈಲದಲ್ಲಿ ಹನಿ ಬಿಟ್ಟು ಸ್ಕೇಲ್‌ನಲ್ಲಿ ಅಳೆಯಿರಿ: ವ್ಯಾಸ 0.125 ಮಿ.ಮೀ. ಇದ್ದರೆ 1 ನ್ಯಾನೊಲೀಟರ್. ಅದೇ 0.15 ಆದರೆ ಸುಮಾರು 1.8. ಕೂದಲೆಳೆಯಷ್ಟು ಹೆಚ್ಚಿದ ವ್ಯಾಸಕ್ಕೆ ಮದ್ದು ಹತ್ತಿರಹತ್ತಿರ ಇಮ್ಮಡಿ! 1 ಮಿಲಿಮೋಲಾರ್ ದ್ರಾವಣದ ಒಂದು ನ್ಯಾನೊಲೀಟರ್‌ನಲ್ಲಿ ಸುಮಾರು 8.5 ನ್ಯಾನೊಗ್ರಾಂ ಇರುತ್ತದೆ. ಆದ್ದರಿಂದ ಅರ್ಧಕ್ಕೆ ತೆಳುಮಾಡಿ 4 ನ್ಯಾನೊಗ್ರಾಂ ಕೊಟ್ಟೆವೆಂದುಕೊಂಡವರು, ಹನಿ 0.15 ಆಗಿದ್ದರೆ, ನಿಜಕ್ಕೂ 7ಕ್ಕಿಂತ ಹೆಚ್ಚು ಕೊಟ್ಟಿರುತ್ತಾರೆ. ಸೂಜಿಯ ತುದಿ ಮುರಿದಾಗಲೆಲ್ಲ ಹನಿಯನ್ನು ಮತ್ತೆ ಅಳೆಯಲೇಬೇಕು.

ಪ್ರಮಾಣ ಮೀರಿದಾಗ, ಕೆಟ್ಟ ಕೋಶಗಳನ್ನು ಸಾಯಿಸುವ ಪಿ53 ಪ್ರೋಟೀನ್ ಎಚ್ಚೆತ್ತು ಕೋಶಗಳು ಸಾಯತೊಡಗುತ್ತವೆ. 24 ಗಂಟೆಯ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ನೋಡಿ: ಗಾಜಿನಂತೆ ತಿಳಿಯಾಗಿರಬೇಕಾದ ಮೆದುಳು ಬೂದು ಬಣ್ಣಕ್ಕೆ ಮಂಕಾಗಿ, ಕಣ್ಣು ಚಿಕ್ಕದಾಗಿ, ಬಾಲ ಸೊಟ್ಟಗಾಗಿರುತ್ತದೆ. ಇದನ್ನೇ ಜೀನಿನ ಪರಿಣಾಮವೆಂದು ಬರೆದುಕೊಳ್ಳುವ ಅಪಾಯ ದೊಡ್ಡದು. ಇನ್ನೊಂದು ಮಾತು, ಮಾರ್ಫೊಲಿನೊ ದ್ರಾವಣವನ್ನು ಮಂಜುಗಡ್ಡೆಯ ಮೇಲೆ ಇಡಬೇಡಿ. ಗಸಿ ಕಟ್ಟಿದರೆ ಪ್ರಮಾಣದ ಲೆಕ್ಕವೇ ತಪ್ಪುತ್ತದೆ. ಚುಚ್ಚುವ ಮೊದಲು 65 ಡಿಗ್ರಿಯಲ್ಲಿ 5–10 ನಿಮಿಷ ಬಿಸಿ ಮಾಡಿ.

ಕ್ರಿಸ್ಪರ್‌ನಲ್ಲಿ ಕತ್ತರಿಸುವ ಕ್ಯಾಸ್‌9 ಪ್ರೋಟೀನನ್ನೂ ಅದಕ್ಕೆ ಜಾಗ ತೋರುವ ಗೈಡ್ ಆರ್‌ಎನ್‌ಎಯನ್ನೂ ಸಮ ಮೋಲಾರ್ ಪ್ರಮಾಣದಲ್ಲಿ ಬೆರೆಸಿ, 37 ಡಿಗ್ರಿಯಲ್ಲಿ 5–10 ನಿಮಿಷ ಇಟ್ಟು ಚುಚ್ಚಬೇಕು. ಒಂದೇ ಗೈಡ್ ನಂಬಿದರೆ ಕೆಟ್ಟಿತು: ಕತ್ತರಿಸಿದ ಜಾಗ ಮತ್ತೆ ಬೆಸೆದುಕೊಳ್ಳುವಾಗ ಸರಿಸುಮಾರು ಮೂರರಲ್ಲೊಂದು ಬಾರಿ ಅಕ್ಷರಗಳನ್ನು ಮೂರು ಮೂರಾಗಿ ಓದುವ ಓದುಚೌಕಟ್ಟು ಉಳಿದುಬಿಡುತ್ತದೆ, ಪ್ರೋಟೀನ್ ಕೆಲಸ ಮಾಡುತ್ತಲೇ ಇರಬಹುದು. ಒಂದೇ ಜೀನಿಗೆ ಮೂರು ಗೈಡ್ ಹಾಕಿ. ನಿಮ್ಮ ತೊಟ್ಟಿಯ ಮೀನಿನ ಡಿಎನ್‌ಎ ಓದಿಸಿದ ಮೇಲೆಯೇ ಗೈಡ್ ಬರೆಯಿರಿ, ತಳಿಯಿಂದ ತಳಿಗೆ ಅಕ್ಷರಗಳು ಬದಲಾಗಿರುತ್ತವೆ. ಕೈ ಕುದುರಿದೆಯೇ ಎಂದು ತಿಳಿಯಲು, ಕರಿ ಬಣ್ಣ ತಯಾರಿಗೆ ಬೇಕಾದ ಟೈರೊಸಿನೇಸ್ ಜೀನಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಎರಡನೇ ದಿನಕ್ಕೆ ಕಣ್ಣು ಪೂರ್ತಿ ಬಣ್ಣಗೆಟ್ಟಿದ್ದರೆ ಕೆಲಸ ಆಯಿತು. ಬಿಳಿ ಕಣ್ಣಿನಲ್ಲಿ ಕರಿ ಚುಕ್ಕೆಗಳು ಉಳಿದಿದ್ದರೆ ಸೂಜಿ ತಡವಾಗಿ ಇಳಿದಿದೆ, ಇಲ್ಲವೇ ಹಳದಿ ಭಾಗಕ್ಕೆ ಹೋಗಿದೆ.

ಹಾಗಾದರೆ ಮಾರ್ಫೊಲಿನೊ ಬಿಟ್ಟುಬಿಡಬೇಕೇ? ಬೇಡ. ತಾಯಿಮೀನು ಮೊಟ್ಟೆಯಲ್ಲಿ ತುಂಬಿಟ್ಟ ಆರ್‌ಎನ್‌ಎಯನ್ನು ಕ್ರಿಸ್ಪರ್ ಮುಟ್ಟುವುದಿಲ್ಲ. ಪ್ರೋಟೀನ್ ತಯಾರಿಯ ಆರಂಭವನ್ನೇ ತಡೆಯುವ ಮಾರ್ಫೊಲಿನೊ ಅದನ್ನೂ ಕಟ್ಟಿಹಾಕುತ್ತದೆ. ಸ್ಪ್ಲೈಸಿಂಗ್, ಅಂದರೆ ಆರ್‌ಎನ್‌ಎಯ ಬೇಡದ ಭಾಗ ತೆಗೆದು ಉಳಿದದ್ದನ್ನು ಜೋಡಿಸುವುದನ್ನು, ತಡೆಯುವ ಬಗೆಯ ಮಾರ್ಫೊಲಿನೊಗೆ ಇದು ಸಾಧ್ಯವಿಲ್ಲ, ಏಕೆಂದರೆ ಆ ಆರ್‌ಎನ್‌ಎ ಆಗಲೇ ಪರಿಷ್ಕೃತಗೊಂಡಿರುತ್ತದೆ. ಆದರೆ ಮಾರ್ಫೊಲಿನೊದ ಬಲ ಐದು ದಿನ ದಾಟುವುದು ಕಷ್ಟ.

ಎರಡರ ಫಲಿತಾಂಶ ಹೊಂದದಿದ್ದರೆ ಮಾರ್ಫೊಲಿನೊದ್ದೇ ತಪ್ಪೆಂದು ಹೇಳಲಾಗದು. ಇಜಿಎಫ್‌ಎಲ್7 ಜೀನಿನಲ್ಲಿ ಮಾರ್ಫೊಲಿನೊ ರಕ್ತನಾಳಗಳನ್ನು ಕೆಡಿಸಿದರೂ ಸ್ಥಿರ ರೂಪಾಂತರಿ (ಜೀನ್ ಕೆಟ್ಟದ್ದು ವಂಶದಲ್ಲಿ ಉಳಿದ) ಮೀನುಗಳು ಬಹುಮಟ್ಟಿಗೆ ಚೆನ್ನಾಗಿದ್ದವು. ಬೇರೆ ಜೀನ್‌ಗಳು ಚುರುಕಾಗಿ ಕೊರತೆ ತುಂಬಿದ್ದವೆಂದು 2015ರಲ್ಲಿ ತೋರಿಸಲಾಯಿತು. ಜೊತೆಗೆ, ಮನುಷ್ಯನ ಒಂದು ಜೀನಿಗೆ ಈ ಮೀನಿನಲ್ಲಿ ಎಷ್ಟೋ ಕಡೆ ಎರಡು ಪ್ರತಿಗಳಿವೆ. ಒಂದನ್ನು ಮಾತ್ರ ಕೆಡಿಸಿದರೆ ಏನೂ ಕಾಣಿಸದಿರಬಹುದು.

ನಮ್ಮ ಆಯ್ಕೆ ಮೂರು ಗೈಡ್‌ಗಳ ಕ್ರಿಸ್ಪರ್‌ನಿಂದ ಆರಂಭಿಸುವುದು. ಲಕ್ಷಣ ಸಿಕ್ಕರೆ ಸ್ಥಿರ ತಳಿ ಬೆಳೆಸಿ. ಒಂದು ತಲೆಮಾರಿಗೆ ಸುಮಾರು ಮೂರು ತಿಂಗಳು ಬೇಕು. ಆ ತಳಿಯ ಭ್ರೂಣಗಳಿಗೇ ಮಾರ್ಫೊಲಿನೊ ಚುಚ್ಚಿ ನೋಡಿ: ಗುರಿಯ ಜೀನ್ ಅಲ್ಲಿ ಇಲ್ಲವಾದ್ದರಿಂದ ಹೊಸ ದೋಷ ಏನೇ ಕಂಡರೂ ಅದು ಮಾರ್ಫೊಲಿನೊದ ಅಡ್ಡಪರಿಣಾಮ.