ಐದು ಮಾದರಿಯ ‘ಮಾನವ ದೇಹ’ ಕಿಟ್: ಡಬ್ಬದಲ್ಲಿ ಇರುವುದೆಷ್ಟು, ಹೊರಗಿಂದ ತರಬೇಕಾದ್ದೆಷ್ಟು

ಶ್ವಾಸಕೋಶ, ಕೈ, ಹೃದಯ, ಸ್ಟೆತೋಸ್ಕೋಪ್, ಜೀರ್ಣಾಂಗ. ಈ ಐದನ್ನೂ ಒಂದೇ ಡಬ್ಬಕ್ಕೆ ತುಂಬಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದು ಮಾರುವ ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಇಲ್ಲಿ ನೋಡಿರುವುದು ಆರುನೂರು ರೂಪಾಯಿ ಆಸುಪಾಸಿನ ಅಂಥದ್ದೊಂದನ್ನು. ಮೊದಲೇ ಹೇಳಿಬಿಡುವುದಾದರೆ, ಕೈ ಮತ್ತು ಹೃದಯ ಚೆನ್ನಾಗಿವೆ, ಶ್ವಾಸಕೋಶವನ್ನು ತಿದ್ದಿಕೊಳ್ಳಬೇಕು, ಸ್ಟೆತೋಸ್ಕೋಪ್ ಪರವಾಗಿಲ್ಲ, ಜೀರ್ಣಾಂಗ ಬರೀ ಕಾಟಾಚಾರ.

ನಾವು ಇಟ್ಟುಕೊಂಡ ಅಳತೆಗೋಲು ಒಂದೇ. ದೇಹದಲ್ಲಿ ಆ ಅಂಗ ಯಾವ ಕಾರಣಕ್ಕೆ ಅಲುಗುತ್ತದೋ, ಮಾದರಿಯೂ ಅದೇ ಕಾರಣಕ್ಕೆ ಅಲುಗಬೇಕು. ಆಕಾರ ಮಾತ್ರ ಹೋಲಿದರೆ ಸಾಕೆನ್ನುವವರಿಗೆ ಗೋಡೆಯ ಚಾರ್ಟೇ ಅಗ್ಗ.

ಆ ಲೆಕ್ಕದಲ್ಲಿ ಕೈಗೆ ಮೊದಲ ಸ್ಥಾನ. ರಟ್ಟಿನ ಅಂಗೈ, ಅದರ ಮೇಲೆ ಸ್ಟ್ರಾ ತುಂಡುಗಳು, ತುಂಡುಗಳೊಳಗೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಹಾಯ್ದ ದಾರ. ದಾರ ಎಳೆದರೆ ಬೆರಳು ಮಡಚುತ್ತದೆ. ನಮ್ಮ ಕೈಯಲ್ಲೂ ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ. ಬೆರಳಿಗೆ ಬರುವುದು ಅವುಗಳ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಮಾತ್ರ. ಮಗು ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು ಬಲಗೈ ಬೆರಳುಗಳನ್ನು ಆಡಿಸಲಿ, ಚರ್ಮದಡಿಯಲ್ಲಿ ಓಡಾಟ ಗೊತ್ತಾಗುತ್ತದೆ. ಆಮೇಲೆ ದಾರ ಎಳೆಯಲು ಕೊಡಿ.

ಕೆಡುವುದು ಮೂರು ಕಡೆ. ಒಂದು, ರಟ್ಟಿನ ಏಣುಗಳ ದಿಕ್ಕು. ಒಳಗಿನ ಅಲೆಯಂಥ ಏಣುಗಳು ಬೆರಳಿನ ಉದ್ದಕ್ಕೇ ಇರಬೇಕು. ಅಡ್ಡಕ್ಕಿದ್ದರೆ ಬೆರಳು ಗೆಣ್ಣಿನಲ್ಲಿ ಮಡಚದೆ ಎಲ್ಲೆಂದರಲ್ಲಿ ಬಳುಕುತ್ತದೆ. ಈ ಡಬ್ಬದ ಎರಡು ರಟ್ಟುಗಳಲ್ಲಿ ಒಂದರ ಮೇಲೆ ನಮೂನೆಯನ್ನು ಅಡ್ಡಲಾಗಿ ಮುದ್ರಿಸಿದ್ದಾರೆ. ಅದನ್ನು ಬಿಟ್ಟು ಯಾವುದಾದರೂ ಪಾರ್ಸೆಲ್ ಡಬ್ಬದಿಂದ ಕತ್ತರಿಸಿಕೊಳ್ಳಿ. ಮಡಚುವ ಗೆರೆಗಳನ್ನು ಸ್ಕೇಲ್ ಇಟ್ಟು, ಇಂಕು ಮುಗಿದ ಪೆನ್ನಿನಿಂದ ಮೊದಲೇ ಒತ್ತಿರಬೇಕು. ಎರಡು, ಸ್ಟ್ರಾಗಳ ನಡುವಿನ ಅಂತರ. ಪ್ರತಿ ಮಡಿಕೆಯಲ್ಲಿ ನಾಲ್ಕೈದು ಮಿಲಿಮೀಟರ್ ಖಾಲಿ ಬಿಡಬೇಕು. ತುಂಡುಗಳು ಒಂದಕ್ಕೊಂದು ತಾಗಿದ್ದರೆ ದಾರ ಎಷ್ಟು ಎಳೆದರೂ ಬೆರಳು ಜಗ್ಗುವುದಿಲ್ಲ. ಮೂರು, ಅಂಟು. ಏಕಬಳಕೆ ಪ್ಲಾಸ್ಟಿಕ್ ಸ್ಟ್ರಾಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿರುವುದರಿಂದ ಕಿಟ್‌ನಲ್ಲಿ ಇರುವುದು ಕಾಗದದ ಸ್ಟ್ರಾ. ಜೊತೆಗೆ ಕೊಟ್ಟಿರುವ ಬಿಳಿ ಅಂಟು ಹಚ್ಚಿದರೆ ಅದು ನೆನೆದು ಚಪ್ಪಟೆಯಾಗಿ ದಾರ ಒಳಗೇ ಸಿಕ್ಕಿಕೊಳ್ಳುತ್ತದೆ. ಡಬಲ್ ಸೈಡ್ ಟೇಪ್ ಬಳಸಿ. ಖಾಲಿ ರೀಫಿಲ್ ಕತ್ತರಿಸಿ ಅಂಟಿಸಿದರೆ ಇನ್ನೂ ಒಳ್ಳೆಯದು, ಆದರೆ ಇಂಕು ಪೂರ್ತಿ ಮುಗಿದಿರಬೇಕು. ಹತ್ತಿ ದಾರದ ಬದಲು ನೈಲಾನ್ ದಾರ ಹಾಕಿ.

ನಮೂನೆಯಲ್ಲಿ ಹೆಬ್ಬೆರಳಿಗೂ ಮೂರು ಮೂಳೆ ಗುರುತಿಸಿದ್ದಾರೆ. ತಪ್ಪು. ಉಳಿದ ನಾಲ್ಕು ಬೆರಳಿಗೆ ಮೂರು ಮೂರು, ಹೆಬ್ಬೆರಳಿಗೆ ಎರಡು, ಒಟ್ಟು ಹದಿನಾಲ್ಕು. ಅದೂ ಅಲ್ಲದೆ ಹೆಬ್ಬೆರಳನ್ನು ಉಳಿದವುಗಳ ಸಮತಲದಲ್ಲೇ ಬಿಟ್ಟರೆ ಮಾದರಿ ಏನನ್ನೂ ಹಿಡಿಯಲಾರದು. ಅದನ್ನು ಬೇರೆಯಾಗಿ ಕತ್ತರಿಸಿ, ಅಂಗೈ ಕಡೆಗೆ ಓರೆಯಾಗಿ ತಿರುಗಿಸಿ ಅಂಟಿಸಿದರೆ ಖಾಲಿ ಪೇಪರ್ ಲೋಟವನ್ನು ಎತ್ತುತ್ತದೆ. ಮಕ್ಕಳು ಕುಣಿಯುವುದು ಆಗಲೇ.

ಹೃದಯಕ್ಕೆ ಮೂರು ಪುಟ್ಟ ಬಾಟಲಿ, ಎರಡು ಮೆತ್ತನೆಯ ಪೈಪು. ಮೊದಲನೆಯದು ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ನಡುವಿನದು ಹೃತ್ಕುಕ್ಷಿ (ಕೆಳಗಿನ ಕೋಣೆ), ಮೂರನೆಯದು ರಕ್ತ ಹೋಗಿ ಸೇರುವ ಜಾಗ. ಮೊದಲೆರಡರಲ್ಲಿ ಬಣ್ಣದ ನೀರು. ಒಂದು–ಎರಡರ ನಡುವಿನ ಪೈಪನ್ನು ಬೆರಳಿಂದ ಅದುಮಿ ಹಿಡಿದು ನಡುವಿನ ಬಾಟಲಿ ಹಿಂಡಿದರೆ ನೀರು ಮೂರನೆಯದಕ್ಕೆ ಹೋಗುತ್ತದೆ. ಈಗ ಎರಡು–ಮೂರರ ನಡುವಿನ ಪೈಪನ್ನು ಅದುಮಿ, ಮೊದಲ ಪೈಪನ್ನೂ ಬಾಟಲಿಯನ್ನೂ ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಇಲ್ಲಿ ಮಗುವಿನ ಬೆರಳೇ. ಅದುಮಲು ಮರೆತರೆ ಹಿಂಡಿದ ನೀರಿನಲ್ಲಿ ಒಂದು ಪಾಲು ಹಿಂದಕ್ಕೆ ಓಡುತ್ತದೆ. ಕವಾಟ ಸೋರುವ ಹೃದಯದಲ್ಲಿ ಆಗುವುದೂ ಅದೇ. ಈ ತಪ್ಪನ್ನು ಮಕ್ಕಳು ಮಾಡಲಿ, ಕೂಡಲೇ ತಿದ್ದಬೇಡಿ.

‘ನೀರು ಮುಂದಕ್ಕೆ ಹೋಗುತ್ತಲೇ ಇಲ್ಲ, ಮೊದಲ ಬಾಟಲಿ ಒಳಕ್ಕೆ ಸೊಟ್ಟಗಾಗುತ್ತದೆ’ ಎಂಬ ದೂರಿಗೆ ಕಾರಣ ಮುಚ್ಚಳ. ಮೊದಲ ಮತ್ತು ಮೂರನೇ ಮುಚ್ಚಳಗಳಲ್ಲಿ ಪೈಪಿನ ತೂತಿನ ಜೊತೆ ಗಾಳಿಗೊಂದು ಸಣ್ಣ ತೂತು ಬೇಕು, ಕಿಟ್‌ನಲ್ಲಿ ಅದಿಲ್ಲ. ದೊಡ್ಡವರು ಸೂಜಿ ಕಾಯಿಸಿ ಚುಚ್ಚಿಕೊಡಬೇಕು. ನಡುವಿನ ಮುಚ್ಚಳಕ್ಕೆ ಮಾತ್ರ ಗಾಳಿ ಹೋಗದಂತೆ ಪೈಪಿನ ಸುತ್ತ ಕ್ಲೇ ಮೆತ್ತಿ. ಮೊದಲ ಎರಡು ಬಾಟಲಿಗಳಲ್ಲಿ ಪೈಪಿನ ತುದಿ ತಳ ಮುಟ್ಟುವಷ್ಟು ಇಳಿದಿರಲಿ, ಮೂರನೆಯದರಲ್ಲಿ ನೀರಿಗಿಂತ ಮೇಲಿರಲಿ. ಕೊಟ್ಟಿರುವ ನೀಲಿ ಬಣ್ಣವನ್ನು ಪಕ್ಕಕ್ಕಿಡಿ. ಆಮ್ಲಜನಕ ಕಡಿಮೆಯಿರುವ ರಕ್ತವೂ ಕಡುಗೆಂಪೇ ಹೊರತು ನೀಲಿಯಲ್ಲ.

ಟಾನಿಕ್ ಅಳೆಯುವ ಲೋಟ ಮನೆಯಲ್ಲಿದ್ದರೆ ಇನ್ನೊಂದು ಆಟವಿದೆ. ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಮಗು ಒಂದು ನಿಮಿಷ ಹಿಂಡಿ ಮೂರನೇ ಬಾಟಲಿಯನ್ನು ಅಳೆದು ನೋಡಲಿ; ಕೈ ಸೋತುಹೋಗುತ್ತದೆ.

ಶ್ವಾಸಕೋಶ ನಮ್ಮ ಶಾಲಾ ಪಠ್ಯಗಳಿಂದ ಎಲ್ಲರಿಗೂ ಗೊತ್ತಿರುವ ಮಾದರಿ: ತಳ ಕತ್ತರಿಸಿದ ಬಾಟಲಿ, ಒಳಗೆ ವೈ ಆಕಾರದ ಕೊಳವೆಗೆ ಎರಡು ಬಲೂನು, ತಳಕ್ಕೆ ಬಿಗಿದ ಬಲೂನಿನ ರಬ್ಬರ್ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ). ರಬ್ಬರ್ ಕೆಳಗೆ ಎಳೆದರೆ ಬಾಟಲಿಯೊಳಗೆ ಒತ್ತಡ ಇಳಿದು ಹೊರಗಿನ ಗಾಳಿ ನುಗ್ಗುತ್ತದೆ. ಕಿಟ್‌ನ ಬಾಟಲಿ ತೀರಾ ತೆಳು, ರಬ್ಬರ್ ಎಳೆದಾಗ ಬಾಟಲಿಯೇ ಒಳಗೆ ಜಗ್ಗುತ್ತದೆ. ತಂಪು ಪಾನೀಯದ ದಪ್ಪ ಬಾಟಲಿ ತೆಗೆದುಕೊಂಡು, ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ. ಎಳೆದು ಹಿಡಿದಾಗ ಬಲೂನು ಉಬ್ಬಿ ನಿಧಾನಕ್ಕೆ ಕುಗ್ಗಿದರೆ ಎಲ್ಲೋ ಗಾಳಿ ಸೋರುತ್ತಿದೆ, ಸಾಮಾನ್ಯವಾಗಿ ಬಾಯಿಯ ಬಳಿ. ಒಂದೇ ಬಲೂನು ಉಬ್ಬಿದರೆ ಇನ್ನೊಂದರ ರಬ್ಬರ್ ಗಟ್ಟಿ. ಜೋಡಿಸುವ ಮೊದಲು ಎರಡನ್ನೂ ನಾಲ್ಕೈದು ಸಲ ಊದಿ ಸಡಿಲ ಮಾಡಿಕೊಂಡಿರಬೇಕು.

ಮಾದರಿಯ ಮಿತಿಗಳನ್ನು ಕೈಪಿಡಿ ಹೇಳುವುದಿಲ್ಲ. ನಿಜವಾದ ವಪೆ ಸುಮ್ಮನಿರುವಾಗ ಗುಮ್ಮಟದಂತೆ ಮೇಲಕ್ಕೆ ಉಬ್ಬಿರುತ್ತದೆ, ಉಸಿರೆಳೆದಾಗ ಚಪ್ಪಟೆಯಾಗುತ್ತದೆ. ಬಾಟಲಿಯಲ್ಲಿ ಅದು ಚಪ್ಪಟೆಯಿಂದ ಶುರುವಾಗಿ ಕೆಳಗೆ ಹೋಗುತ್ತದೆ. ಆದ್ದರಿಂದ ಆಟವನ್ನು ರಬ್ಬರನ್ನು ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದು ಶುರು ಮಾಡಿ. ಇನ್ನು ಬಾಟಲಿ ಅಗಲವಾಗದು, ಪಕ್ಕೆಲುಬು ಅಗಲವಾಗುತ್ತದೆ. ಮಗು ತನ್ನ ಎದೆಯ ಸುತ್ತ ಟೇಲರ್ ಟೇಪ್ ಹಿಡಿದು ಉಸಿರೆಳೆದರೆ ಆ ಕೊರತೆ ತುಂಬುತ್ತದೆ. ಕತ್ತರಿಸಿದ ಬಲೂನಿನ ಚೂರುಗಳನ್ನು ಆಗಿಂದಾಗಲೇ ಎತ್ತಿಡಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತದೆ.

ಸ್ಟೆತೋಸ್ಕೋಪ್ ಆಲಿಕೆ, ಪೈಪು, ಆಲಿಕೆಯ ಬಾಯಿಗೆ ಬಿಗಿದ ಬಲೂನು ಇಷ್ಟೇ. ಎದೆಮೂಳೆಯ ಎಡಬದಿಯಲ್ಲಿಟ್ಟು, ಫ್ಯಾನ್ ನಿಲ್ಲಿಸಿ ಕೇಳಬೇಕು. ಪೈಪು ಸಡಿಲವಿದ್ದರೆ ಏನೂ ಕೇಳದು. ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪು ಅರ್ಧ ಮೀಟರ್ ತಂದು ಬಿಗಿಯಾಗಿ ತೂರಿಸಿ. 1816ರಲ್ಲಿ ಪ್ಯಾರಿಸ್‌ನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿಯೇ ಹೃದಯದ ಸದ್ದು ಆಲಿಸಿದ್ದ. ನೋಟ್‌ಬುಕ್ ಸುರುಳಿ ಸುತ್ತಿ ಎರಡನ್ನೂ ಹೋಲಿಸಿ ನೋಡಬಹುದು.

ಜೀರ್ಣಾಂಗದ ಏಪ್ರನ್‌ಗೆ ಅಂಗಗಳ ಸ್ಟಿಕರ್ ಹಚ್ಚುವುದಷ್ಟೇ ಕೆಲಸ. ಎಡ–ಬಲ ಗುರುತಿಲ್ಲ, ಚಿತ್ರ ಎದುರು ನಿಂತವರ ನೋಟದಲ್ಲಿದೆ. ಏಪ್ರನ್ ತೊಟ್ಟುಕೊಂಡೇ ಅಂಟಿಸುವ ಮಗು ಯಕೃತ್ತನ್ನು ಎಡಕ್ಕೆ ಹಾಕಿಬಿಡುತ್ತದೆ. ಇರಬೇಕಾದ್ದು ತೊಟ್ಟವರ ಬಲಕ್ಕೆ. ಸಣ್ಣಕರುಳಿಗೆಂದು ಒಂದೂವರೆ ಮೀಟರ್ ಉಲ್ಲನ್ ದಾರ ಕೊಟ್ಟಿದ್ದಾರೆ. ದೊಡ್ಡವರ ಸಣ್ಣಕರುಳು ಸುಮಾರು 6 ಮೀಟರ್, ದೊಡ್ಡಕರುಳು ಸುಮಾರು ಒಂದೂವರೆ. ಸ್ಟಿಕರ್ ಬದಿಗಿಟ್ಟು, ಆರು ಮೀಟರ್ ಉಲ್ಲನ್ ದಾರವನ್ನೂ ಒಂದೂವರೆ ಮೀಟರ್ ದಪ್ಪ ಹಗ್ಗವನ್ನೂ ತಂದು ಏಪ್ರನ್ ಜೇಬಿನೊಳಗೆ ತುರುಕಲು ಹೇಳಿ. ಸಣ್ಣಕರುಳು ಉದ್ದ, ದೊಡ್ಡಕರುಳು ದಪ್ಪ ಎನ್ನುವುದು ಅಷ್ಟರಲ್ಲೇ ತಿಳಿಯುತ್ತದೆ.

ಬರೀ ಕೈ ಮತ್ತು ಶ್ವಾಸಕೋಶ ಸಾಕೆನ್ನುವವರು ಕಿಟ್ ಕೊಳ್ಳಲೇಬೇಕಿಲ್ಲ. ವೈ ಕೊಳವೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮನೆಯ ರದ್ದಿಯಲ್ಲೇ ಇದೆ, ಆ ಕೊಳವೆ ಅಕ್ವೇರಿಯಂ ಸಾಮಾನಿನ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಕಿಟ್ ಕೊಂಡವರು ಬಲೂನನ್ನು ಮಾತ್ರ ಹೆಚ್ಚಿಗೆ ತಂದಿಟ್ಟುಕೊಳ್ಳಿ: ಡಬ್ಬದಲ್ಲಿರುವುದು ಲೆಕ್ಕಕ್ಕೆ ಸರಿಯಾಗಿ ನಾಲ್ಕೇ, ಒಂದು ಹರಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.