ವೈದ್ಯರ ಚೀಟಿಗಳ ತೆರೆದ ಲೆಕ್ಕ: ಓಪನ್‌ಪ್ರಿಸ್ಕ್ರೈಬಿಂಗ್ ತಾಣದ ವಿಮರ್ಶೆ

ಇಂಗ್ಲೆಂಡಿನ ಯಾವುದೇ ಜಿಪಿ (ಕುಟುಂಬ ವೈದ್ಯರ) ಚಿಕಿತ್ಸಾಲಯದ ಹೆಸರನ್ನು ಟೈಪ್ ಮಾಡಿದರೆ ಸಾಕು, ಅಲ್ಲಿನ ವೈದ್ಯರು ಯಾವ ಔಷಧವನ್ನು ಎಷ್ಟು ಬರೆದುಕೊಟ್ಟಿದ್ದಾರೆ, ಅದಕ್ಕೆ ಸಾರ್ವಜನಿಕ ಖಜಾನೆಯಿಂದ ಎಷ್ಟು ಹಣ ಹೋಗಿದೆ, ದೇಶದ ಉಳಿದ ಚಿಕಿತ್ಸಾಲಯಗಳ ನಡುವೆ ಅವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಓಪನ್‌ಪ್ರಿಸ್ಕ್ರೈಬಿಂಗ್ ತಾಣ ತೋರಿಸುತ್ತದೆ. ಲಾಗಿನ್ ಬೇಕಿಲ್ಲ, ಶುಲ್ಕವಿಲ್ಲ; ವೈದ್ಯರಿಗೆ ಕಾಣುವುದೇ ರೋಗಿಗೂ ಪತ್ರಕರ್ತರಿಗೂ ಕಾಣುತ್ತದೆ. ವೈದ್ಯರೂ ಸಂಶೋಧಕರೂ ಆದ ಬೆನ್ ಗೋಲ್ಡೇಕರ್ ಅವರ ತಂಡ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಆರಂಭಿಸಿದ ಈ ಸೇವೆಯನ್ನು ಈಗ ಅಲ್ಲಿಯದೇ ಬೆನೆಟ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದೆ. ಇಂಗ್ಲೆಂಡಿನ ಒಂದು ಚಿಕಿತ್ಸಾಲಯದಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಇದು ಪ್ರತಿ ತಿಂಗಳು ಕೈಗೆತ್ತಿಕೊಳ್ಳುವ ಸಾಧನ. ಇಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ಕನ್ನಡಿಗ ವೈದ್ಯರೂ ಫಾರ್ಮಸಿಸ್ಟರೂ ಕಡಿಮೆಯೇನಿಲ್ಲ. ಅವರಿಗೂ, ಆರೋಗ್ಯದ ದತ್ತಾಂಶದಿಂದ ಸಾಮಾನ್ಯ ಜನರಿಗೆ ನಿಜಕ್ಕೂ ಏನು ದಕ್ಕುತ್ತದೆ ಎಂದು ಕೇಳುವ ಊರಿನ ಓದುಗರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಈ ತಾಣದ ಬಂಡವಾಳವೆಲ್ಲ ಒಂದು ಬಿಲ್ ಪುಸ್ತಕ. ಇಂಗ್ಲೆಂಡಿನಲ್ಲಿ ಜಿಪಿ ಬರೆದ ಚೀಟಿಗೆ ಔಷಧ ಕೊಟ್ಟ ಅಂಗಡಿಯವರು ಹಣ ಪಡೆಯಲು ಆ ಚೀಟಿಯನ್ನು ಎನ್‌ಎಚ್‌ಎಸ್‌ನ ಪಾವತಿ ವಿಭಾಗಕ್ಕೆ ಸಲ್ಲಿಸಬೇಕು. ಅಲ್ಲಿ ಪ್ರತಿಯೊಂದು ಔಷಧಕ್ಕೂ ಸಂಕೇತ ಸಂಖ್ಯೆ ಹಾಕಿ ದರ ಕಟ್ಟುತ್ತಾರೆ. ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಔಷಧ ನಮೂದುಗಳು ಹೀಗೆ ದಾಖಲಾಗುತ್ತವೆ. ಹಣ ಪಾವತಿಗೆಂದೇ ಹುಟ್ಟಿದ ಈ ಲೆಕ್ಕವನ್ನು ಚಿಕಿತ್ಸಾಲಯವಾರು ವಿಂಗಡಿಸಿ ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿ 2011ರ ಡಿಸೆಂಬರಿನಲ್ಲಿ ಆರಂಭವಾಯಿತು. ಆದರೆ ಪ್ರಕಟವಾಗುತ್ತಿದ್ದದ್ದು ಸಾಮಾನ್ಯ ಕಂಪ್ಯೂಟರಿನಲ್ಲಿ ತೆರೆಯಲೂ ಆಗದಷ್ಟು ದೊಡ್ಡ ಕಡತಗಳು. ಅವುಗಳಲ್ಲಿ ಏನು ಅಡಗಿದೆ ಎಂಬುದಕ್ಕೆ ಮೊದಲ ದೊಡ್ಡ ಸುಳಿವು ಸಿಕ್ಕಿದ್ದು 2012ರಲ್ಲಿ: ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳಲ್ಲಿ ದುಬಾರಿ ಬ್ರಾಂಡುಗಳ ಬದಲು ಅಗ್ಗದ ಜೆನೆರಿಕ್ ಬರೆದಿದ್ದರೆ ವರ್ಷಕ್ಕೆ ಸುಮಾರು 20 ಕೋಟಿ ಪೌಂಡ್ ಉಳಿಯಬಹುದಿತ್ತು ಎಂದು ಗೋಲ್ಡೇಕರ್ ಮತ್ತು ಸಂಗಡಿಗರು ಇದೇ ಕಡತಗಳಿಂದ ಲೆಕ್ಕ ಹಾಕಿ ತೋರಿಸಿದರು. ಅಂಥ ಲೆಕ್ಕವನ್ನು ತಜ್ಞರ ಕೈಯಿಂದ ಬಿಡಿಸಿ ಪ್ರತಿ ಚಿಕಿತ್ಸಾಲಯದ ಮೇಜಿನ ಮೇಲೆ ಇಟ್ಟದ್ದು ಓಪನ್‌ಪ್ರಿಸ್ಕ್ರೈಬಿಂಗ್ ಮಾಡಿದ ಕೆಲಸ.

ಚಿಕಿತ್ಸಾಲಯದ ಪುಟವನ್ನು ತೆರೆದರೆ ಸಾಲುಸಾಲಾಗಿ ನಕ್ಷೆಗಳು ಎದುರಾಗುತ್ತವೆ. ಒಂದೊಂದು ನಕ್ಷೆಯೂ ಒಂದು ಪ್ರಶ್ನೆ: ಒಟ್ಟು ಆಂಟಿಬಯೋಟಿಕ್‌ಗಳಲ್ಲಿ ವಿಶಾಲವ್ಯಾಪ್ತಿಯವು (ಹಲವು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಒಟ್ಟಿಗೇ ಕೆಲಸ ಮಾಡುವಂಥವು) ಶೇಕಡಾ ಎಷ್ಟು, ಅತಿ ಹೆಚ್ಚು ಪ್ರಮಾಣದ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕಗಳು ಎಷ್ಟು, ಜೆನೆರಿಕ್ ಇದ್ದೂ ಬ್ರಾಂಡ್ ಬರೆದದ್ದು ಎಷ್ಟು. ದೇಶದ ಎಲ್ಲ ಚಿಕಿತ್ಸಾಲಯಗಳನ್ನು ಹತ್ತು ಸಮಭಾಗ ಮಾಡಿದ ಗಡಿಗಳು ನೀಲಿ ತುಂಡುಗೆರೆಗಳಾಗಿಯೂ ನಮ್ಮ ಚಿಕಿತ್ಸಾಲಯ ಒಂದೇ ಕೆಂಪು ಗೆರೆಯಾಗಿಯೂ ಕಾಣುತ್ತವೆ. ಕಳೆದ ಆರು ತಿಂಗಳಲ್ಲಿ ನಾವು ಹೆಚ್ಚು ಹಿಂದುಳಿದಿರುವ ವಿಷಯ ಮೇಲೆ ಬರುವಂತೆ ಪಟ್ಟಿ ಜೋಡಣೆಯಾಗಿರುವುದರಿಂದ ಕಣ್ಣು ಮೊದಲು ಬೀಳುವುದೇ ಹುಳುಕಿನ ಮೇಲೆ. ಪ್ರತಿ ನಕ್ಷೆಯ ಬಳಿ ಈ ವಿಷಯ ಏಕೆ ಮುಖ್ಯ ಎಂಬ ಪುಟ್ಟ ವಿವರಣೆ ಇರುತ್ತದೆ. ಲೆಕ್ಕ ಹೇಗೆ ಮಾಡಿದರು ಎಂಬ ಸಂದೇಹ ಬಂದವರಿಗೆ ಲೆಕ್ಕದ ಕೋಡ್ ಕೂಡ ತೆರೆದೇ ಇದೆ. ಹಣದ ವಿಷಯವಾದರೆ, ನಿಮ್ಮ ಚಿಕಿತ್ಸಾಲಯ ದೇಶದ ನಡುಮಟ್ಟದಲ್ಲಿದ್ದಿದ್ದರೆ ಇಷ್ಟು ಪೌಂಡ್ ಉಳಿಯುತ್ತಿತ್ತು ಎಂಬ ಒಂದು ಸಾಲು ಇರುತ್ತದೆ. ಸಭೆಗಳಲ್ಲಿ ಮೌನವಾಗಿ ಕುಳಿತಿರುವ ಹಿರಿಯ ವೈದ್ಯರೂ ಆ ಸಾಲಿಗೆ ಬಂದಾಗ ಕನ್ನಡಕ ಸರಿಪಡಿಸಿಕೊಳ್ಳುವುದನ್ನು ನೋಡಿದ್ದೇನೆ.

ಆದರೆ ಉಳಿತಾಯಕ್ಕಿಂತ ಸುರಕ್ಷತೆಯ ನಕ್ಷೆಗಳಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನೇ ನೋಡಿ. ಕೀಲುವಾತಕ್ಕೂ ಸೋರಿಯಾಸಿಸ್‌ಗೂ ಕೊಡುವ ಈ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಮೂಳೆಮಜ್ಜೆ ಕುಗ್ಗಿ ಪ್ರಾಣಕ್ಕೇ ಸಂಚಕಾರ. ಇದು 2.5 ಮತ್ತು 10 ಮಿಲಿಗ್ರಾಂ ಎಂಬ ಎರಡು ಬಲಗಳಲ್ಲಿ ಸಿಗುತ್ತದೆ, ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಬಗೆಯ ಚಿಕ್ಕ ಹಳದಿ ಮಾತ್ರೆಗಳು. ಆರು ಸಣ್ಣ ಮಾತ್ರೆ ನುಂಗಿ ರೂಢಿಯಾದವರ ಕೈಗೆ ದೊಡ್ಡ ಬಲದ ಮಾತ್ರೆ ಸಿಕ್ಕಿ, ಅವರು ಅಭ್ಯಾಸದಂತೆ ಆರನ್ನೂ ನುಂಗಿದರೆ 15ರ ಬದಲು 60 ಮಿಲಿಗ್ರಾಂ ಒಳಗೆ ಹೋಗುತ್ತದೆ. ಹಾಗಾಗಿ ಒಂದೇ ಬಲದ, ಸಾಮಾನ್ಯವಾಗಿ 2.5ರ, ಮಾತ್ರೆಗಳನ್ನಷ್ಟೇ ಬರೆಯಬೇಕೆಂಬ ಸಲಹೆ ಇಲ್ಲಿ ಬಹಳ ಹಿಂದಿನಿಂದಲೂ ಇದೆ. ಹಾಗಿದ್ದೂ 10ರ ಮಾತ್ರೆ ಬರೆಯುವ ಚಿಕಿತ್ಸಾಲಯಗಳು ಪೂರ್ತಿ ಇಲ್ಲವಾಗಿಲ್ಲ. ಈ ತಾಣದಲ್ಲಿ ಅದಕ್ಕೆಂದೇ ಒಂದು ನಕ್ಷೆಯಿದೆ, ಅಲ್ಲಿ ಕೆಂಪು ಗೆರೆ ಸೊನ್ನೆಯಿಂದ ಒಂಚೂರು ಮೇಲೆದ್ದರೂ ಎದ್ದು ಕಾಣುತ್ತದೆ. ಆಗ ಫಾರ್ಮಸಿಸ್ಟ್ ಮಾಡಬೇಕಾದದ್ದು ಇಷ್ಟೇ: ಚಿಕಿತ್ಸಾಲಯದ ಕಂಪ್ಯೂಟರಿನಲ್ಲಿ ಆ ಔಷಧದ ಪಟ್ಟಿ ತೆಗೆದು, ರೋಗಿ ಯಾರೆಂದು ನೋಡಿ, ಫೋನ್ ಮಾಡಿ, ಚೀಟಿ ಬದಲಿಸುವುದು. ಯಾರದೋ ಮನೆಯ ಔಷಧ ಡಬ್ಬಿಯಲ್ಲಿದ್ದ ಅಪಾಯವೊಂದು ಹೀಗೆ ಸದ್ದಿಲ್ಲದೆ ಕಳೆಯುತ್ತದೆ.

ನಕ್ಷೆ ತೋರಿಸಿದ ಮಾತ್ರಕ್ಕೆ ವೈದ್ಯರು ಬದಲಾಗುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರವೂ ಇದೇ ದತ್ತಾಂಶದಲ್ಲಿದೆ, ಮತ್ತು ಅದು ಸಂತೋಷಪಡುವಂಥದ್ದಲ್ಲ. ಮೂತ್ರನಾಳದ ಸೋಂಕಿಗೆ ದಶಕಗಳಿಂದ ಬರೆಯುತ್ತಿದ್ದ ಟ್ರೈಮೆಥೊಪ್ರಿಮ್‌ಗೆ ಬ್ಯಾಕ್ಟೀರಿಯಾಗಳು ಜಗ್ಗದಂತಾದಾಗ, ಮೊದಲ ಆಯ್ಕೆಯಾಗಿ ನೈಟ್ರೊಫ್ಯುರಾಂಟಾಯಿನ್ ಬರೆಯಿರಿ ಎಂದು 2014ರಲ್ಲಿ ಮಾರ್ಗಸೂಚಿ ಬದಲಾಯಿತು. ಕೆಲವು ಚಿಕಿತ್ಸಾಲಯಗಳು ಕೂಡಲೇ ಬದಲಾದವು, ಬಹುಪಾಲು ಹಳೆಯ ಹಾದಿಯಲ್ಲೇ ನಡೆದವು. 2017ರಲ್ಲಿ ಈ ಬದಲಾವಣೆಗೆ ಹಣಕಾಸಿನ ಪ್ರೋತ್ಸಾಹ ಸೇರಿದ ಮೇಲೆಯೇ ಟ್ರೈಮೆಥೊಪ್ರಿಮ್‌ನ ದೇಶದ ಗೆರೆ ಕಣ್ಣಿಗೆ ಕಾಣುವಂತೆ ಇಳಿಯತೊಡಗಿತು. ಆಕ್ಸ್‌ಫರ್ಡ್ ತಂಡವೇ ಇದನ್ನು ಅಧ್ಯಯನ ಮಾಡಿ, ಕೆಲವರು ಏಕೆ ಬದಲಾಗಲಿಲ್ಲ ಎಂದು ಕೇಳಿ ಪ್ರಕಟಿಸಿದೆ. ತಮ್ಮ ಸಾಧನದ ಮಿತಿಯನ್ನು ಎತ್ತಿ ತೋರುವ ವಿಷಯವನ್ನೂ ಮುಚ್ಚಿಡದ ಈ ಗುಣದಿಂದಲೇ ನನಗೆ ತಾಣದ ಮೇಲೆ ನಂಬಿಕೆ ಹೆಚ್ಚು.

ಕೊರತೆಗಳಿಗೆ ಬರೋಣ. ಎಲ್ಲಕ್ಕಿಂತ ದೊಡ್ಡದು, ಇಲ್ಲಿ ಔಷಧ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಯಾರಿಗೆ, ಯಾವ ವಯಸ್ಸಿನವರಿಗೆ, ಯಾವ ಕಾರಣಕ್ಕೆ ಬರೆದರು ಎಂಬುದು ಪ್ರಕಟವಾಗುವ ಲೆಕ್ಕದಲ್ಲಿ ಇರುವುದೇ ಇಲ್ಲ. ದೊಡ್ಡ ವೃದ್ಧಾಶ್ರಮವೊಂದನ್ನು ನೋಡಿಕೊಳ್ಳುವ ಚಿಕಿತ್ಸಾಲಯವನ್ನೂ ವಿಶ್ವವಿದ್ಯಾಲಯದ ಹುಡುಗರೇ ತುಂಬಿರುವ ಚಿಕಿತ್ಸಾಲಯವನ್ನೂ ಒಂದೇ ನಕ್ಷೆಯಲ್ಲಿ ಹೋಲಿಸಿದಾಗ ಮೊದಲನೆಯದು ಸುಮ್ಮನೆ ಕೆಟ್ಟದಾಗಿ ಕಾಣುತ್ತದೆ. ಆಸ್ಪತ್ರೆಯ ತಜ್ಞರು ಶುರು ಮಾಡಿ ಜಿಪಿಗೆ ಮುಂದುವರಿಸಲು ಹೇಳಿದ ಔಷಧವೂ ಜಿಪಿಯ ಲೆಕ್ಕಕ್ಕೇ ಬೀಳುತ್ತದೆ. ಅಂಕಿಅಂಶ ಬರುವುದು ಸುಮಾರು ಎರಡು ತಿಂಗಳು ತಡವಾಗಿ, ಆದ್ದರಿಂದ ಇಂದು ಮಾಡಿದ ತಿದ್ದುಪಡಿ ಗೆರೆಯ ಮೇಲೆ ಕಾಣಲು ತಾಳ್ಮೆ ಬೇಕು. ಇನ್ನೊಂದು ಸೂಕ್ಷ್ಮ ತೊಂದರೆಯೂ ಇದೆ: ನಾವು ನಡುಮಟ್ಟದಲ್ಲಿದ್ದೇವೆ ಎಂದು ಕಂಡಕೂಡಲೇ ಮನಸ್ಸು ನಿರಾಳವಾಗುತ್ತದೆ, ಆದರೆ ಇಡೀ ದೇಶವೇ ಬೇಡದ ಔಷಧ ಬರೆಯುತ್ತಿದ್ದರೆ ನಡುಮಟ್ಟವೂ ತಪ್ಪೇ. ಹೆಚ್ಚು ಒಳ್ಳೆಯದೋ ಕಡಿಮೆ ಒಳ್ಳೆಯದೋ ಎಂದು ತೀರ್ಪು ಕೊಡಲಾಗದ ಕೆಲವು ವಿಷಯಗಳಲ್ಲಿ ತಾಣ ತಾನೇ ಹಾಗೆಂದು ಹೇಳುತ್ತದೆ. ಆ ಟಿಪ್ಪಣಿಯನ್ನು ಓದದೆ ಕೆಂಪು ಗೆರೆ ಹಿಡಿದು ವೈದ್ಯರನ್ನು ಗದರುವ ಮೇಲಧಿಕಾರಿಗಳು ಇದ್ದಾರೆ, ಅವರಿಗೆ ತಾಣ ಏನು ಮಾಡೀತು? ಔಷಧದ ದರಗಳನ್ನು ಹೋಲಿಸುವ ವಿಭಾಗದ ಉದ್ದೇಶ ಒಳ್ಳೆಯದು, ಮಾತ್ರೆಯ ಬದಲು ಕ್ಯಾಪ್ಸೂಲ್ ಬರೆದರೆ ಅಗ್ಗ ಎಂಬಂಥ ಸೂಚನೆಗಳು ಅಲ್ಲಿ ಸಿಗುತ್ತವೆ. ಆದರೆ ದರ ತಿಂಗಳು ತಿಂಗಳು ಏರಿಳಿಯುವಾಗ ಹತ್ತಿಪ್ಪತ್ತು ಪೌಂಡಿನ ಉಳಿತಾಯಕ್ಕಾಗಿ ವಯಸ್ಸಾದವರ ಮಾತ್ರೆಯ ಬಣ್ಣ ಬದಲಿಸಿ ಗೊಂದಲ ಹುಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ.

ರೋಗಿಗಳ ಗೋಪ್ಯತೆಯ ಮಾತು ಬಂದರೆ ಈ ತಾಣ ನಿರಾಳ, ಏಕೆಂದರೆ ಇದರೊಳಗೆ ರೋಗಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಎಲ್ಲರ ಜಿಪಿ ದಾಖಲೆಗಳನ್ನು ಒಂದೆಡೆ ಸೇರಿಸುವ ಕೇರ್ ಡಾಟ್ ಡೇಟಾ ಯೋಜನೆಗಾಗಿ 2014ರ ಜನವರಿಯಲ್ಲಿ ಮನೆಮನೆಗೆ ಕರಪತ್ರ ಹಂಚಿದರು. ಯಾರಿಗೆ ದತ್ತಾಂಶ ಕೊಡುತ್ತೀರಿ ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗದೆ ಮುಂದಿನ ತಿಂಗಳೇ ಅದಕ್ಕೆ ತಡೆ ಬಿತ್ತು, 2016ರಲ್ಲಿ ಯೋಜನೆಯನ್ನೇ ಮುಚ್ಚಿದರು. 2021ರಲ್ಲಿ ಬಹುಮಟ್ಟಿಗೆ ಅದೇ ಆಸೆ ಬೇರೆ ಹೆಸರಿನಲ್ಲಿ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ನಮ್ಮ ದಾಖಲೆ ಬೇಡ ಎಂದು ಬರೆದುಕೊಟ್ಟು ಹೊರನಡೆದರು. ಗೋಲ್ಡೇಕರ್ ಅವರ ತಂಡವೇ ಇತರರೊಂದಿಗೆ ಸೇರಿ ಕೋವಿಡ್ ಕಾಲದಲ್ಲಿ ಕಟ್ಟಿದ ಓಪನ್‌ಸೇಫ್ಲಿ ಈ ಬಿಕ್ಕಟ್ಟಿಗೆ ಬೇರೆ ದಾರಿ ಹುಡುಕಿತು. ಅಲ್ಲಿ ದಾಖಲೆಗಳು ಇದ್ದ ಕಡೆಯೇ ಇರುತ್ತವೆ. ಸಂಶೋಧಕರು ಹುಸಿ ದತ್ತಾಂಶದ ಮೇಲೆ ಕೋಡ್ ಬರೆದು ಕಳಿಸುತ್ತಾರೆ, ಒಳಗೆ ಲೆಕ್ಕ ನಡೆದು ಪರಿಶೀಲನೆಯಾದ ಫಲಿತಾಂಶ ಮಾತ್ರ ಹೊರಬರುತ್ತದೆ, ಯಾರು ಯಾವಾಗ ಯಾವ ಕೋಡ್ ಓಡಿಸಿದರು ಎಂಬುದು ಸಾರ್ವಜನಿಕರಿಗೆ ಕಾಣುತ್ತದೆ. 1.7 ಕೋಟಿ ವಯಸ್ಕರ ದಾಖಲೆಗಳ ಮೇಲೆ ಹೀಗೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ದಕ್ಷಿಣ ಏಷ್ಯಾ ಮೂಲದವರಿಗೆ, ಅಂದರೆ ಇಲ್ಲಿ ನೆಲೆಸಿದ ನಮ್ಮಂಥವರಿಗೂ, ಕೋವಿಡ್‌ನಿಂದ ಸಾವಿನ ಅಪಾಯ ಹೆಚ್ಚು ಎಂಬುದು ಬಿಳಿಯರ ಅಪಾಯದೊಂದಿಗೆ ಹೋಲಿಸಿ ಅಂಕಿಗಳಲ್ಲಿ ಸ್ಪಷ್ಟವಾದದ್ದು ಆಗ. ಓಪನ್‌ಪ್ರಿಸ್ಕ್ರೈಬಿಂಗ್‌ನಲ್ಲಿ ಕಾಣದ ಕಾಯಿಲೆ, ವಯಸ್ಸು, ಕಾರಣಗಳು ಬೇಕೆಂದವರು ಇಂಥ ಬಿಗಿ ಬಾಗಿಲಿನ ಏರ್ಪಾಟಿಗೇ ಹೋಗಬೇಕು, ಬೇರೆ ಒಳದಾರಿ ಇರಬಾರದು ಕೂಡ.

ಕರ್ನಾಟಕದಲ್ಲಿ ಇಂಥ ತಾಣ ಏಕಿಲ್ಲ ಎಂದು ಊರಿನ ಗೆಳೆಯರು ಕೇಳುವುದುಂಟು. ತಾಣ ಕಟ್ಟಲು ಬೇಕಾದ ಕೋಡ್ ಬರೆಯುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲದಿರುವುದು ಆ ಬಿಲ್ ಪುಸ್ತಕ. ಹೊರರೋಗಿಯಾಗಿ ವೈದ್ಯರನ್ನು ಕಂಡು ಮೆಡಿಕಲ್ ಶಾಪಿನಲ್ಲಿ ಕೈಯಿಂದಲೇ ದುಡ್ಡು ಕೊಟ್ಟು ಮಾತ್ರೆ ತರುವಲ್ಲಿ ಚೀಟಿ ಜೇಬಿನಲ್ಲೇ ಉಳಿಯುತ್ತದೆ, ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಹದಿನಾಲ್ಕು ಅಂಕಿಗಳ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಬಂದಿದೆ ನಿಜ, ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ಚೀಟಿ ದಾಖಲಾಗುವುದಿಲ್ಲ. ನಮ್ಮಲ್ಲಿ ಒಳ್ಳೆಯ ಅಧ್ಯಯನ ಆಗಿಲ್ಲವೆಂದಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ತಜ್ಞ ಚಿಕಿತ್ಸೆ ಕೊಟ್ಟ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಕುರಿತು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿಯ ಪ್ರಕಾರ, ಯೋಜನೆಯ ಚಿಕಿತ್ಸೆಯಿಂದ ತಪ್ಪಿಸಬಹುದಾದ ಕಾಯಿಲೆಗಳ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇಕಡಾ 0.32, ಗಡಿಯಾಚೆ ಅದು ಇನ್ನೂ ತಲುಪದಿದ್ದ ನೆರೆ ಹಳ್ಳಿಗಳಲ್ಲಿ ಶೇಕಡಾ 0.90. ಆದರೆ ಇದನ್ನು ತಿಳಿಯಲು ಸಂಶೋಧಕರು 572 ಹಳ್ಳಿಗಳಲ್ಲಿ ಅರವತ್ತು ಸಾವಿರದಷ್ಟು ಮನೆಗಳ ಬಾಗಿಲು ತಟ್ಟಬೇಕಾಯಿತು. ಒಂದು ಸಲ ಹೀಗೆ ಮಾಡಬಹುದು; ಪ್ರತಿ ತಿಂಗಳು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಾಡಲಾಗದು. ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣೆಯ ಲೆಕ್ಕವನ್ನಾದರೂ ಕೇಂದ್ರವಾರು ಒಂದೇ ಸಂಕೇತ ಪದ್ಧತಿಯಲ್ಲಿ ಪ್ರತಿ ತಿಂಗಳು ಪ್ರಕಟಿಸಿದರೆ ಕೆಲಸ ಅಲ್ಲಿಂದ ಶುರುವಾಗಬಹುದು.

ಇಲ್ಲಿ ಹೊಸದಾಗಿ ಬಳಸುವವರಿಗೆ ಒಂದೆರಡು ಮಾತು. ಎಲ್ಲ ನಕ್ಷೆಗಳನ್ನೂ ಒಂದೇ ಸಭೆಗೆ ತರಬೇಡಿ, ವೈದ್ಯರು ಐದನೆಯದಕ್ಕೇ ಗಡಿಯಾರ ನೋಡುತ್ತಾರೆ. ಸುರಕ್ಷತೆಯದು ಒಂದು, ಆಂಟಿಬಯೋಟಿಕ್‌ನದು ಒಂದು, ಇಷ್ಟು ಆರಿಸಿ, ಕಾರಣ ಏನಿರಬಹುದೆಂದು ಚಿಕಿತ್ಸಾಲಯದ ದಾಖಲೆಗಳಲ್ಲಿ ಮೊದಲೇ ನೋಡಿಕೊಂಡು ಹೋಗಿ. ಚಿಕಿತ್ಸಾಲಯಕ್ಕೆ ಸಂಬಂಧಿಸಿದ ಮುಖ್ಯ ಬದಲಾವಣೆಗಳನ್ನು ತಿಳಿಸುವ ಉಚಿತ ಇಮೇಲ್ ಎಚ್ಚರಿಕೆಗೆ ಕನಿಷ್ಠ ಇಬ್ಬರಾದರೂ ನೋಂದಾಯಿಸಿಕೊಳ್ಳಿ. ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದರೆ, ಅವರು ಕೆಲಸ ಬಿಟ್ಟು ಹೋದ ಮೇಲೂ ಪತ್ರಗಳು ಅವರ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತವೆ.